ಮೀನಿನ ಟ್ಯಾಂಕ್ ಕ್ಲೀನಿಂಗ್‌ಗೆ ಕರೆಂಟ್ ಪಂಪೋ, ಲೆವೆಲ್ ಪೈಪೋ, ಕೈ ಪಂಪೋ: ಮೂರನ್ನೂ ಬಳಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು 280 ರೂಪಾಯಿಯ ಕೈ ಪಂಪಿಗೆ. 1,650 ಕೊಟ್ಟು ಆನ್‌ಲೈನ್‌ನಾಗ ತರಿಸಿದ ಕರೆಂಟ್ ಕ್ಲೀನರ್ ಎರಡೇ ಎರಡು ಸಲ ಬಳಸಿ ಅಟ್ಟಕ್ಕೆ ಹಾಕೀನಿ. ಯಾಕೆ ಹಾಕ್ದೆ ಅನ್ನೋದನ್ನ ಪೂರ್ತಿ ಬರೀತೀನಿ, ಮನೆಯಾಗ ಸಣ್ಣ ಮಕ್ಕಳು ಇರೋರು ದಯವಿಟ್ಟು ಅದನ್ನ ಓದ್ರಿ.

ನಮ್ದು ಬಳ್ಳಾರಿ. ಟ್ಯಾಂಕು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಅಂದ್ರೆ ಕಂಠಮಟ್ಟ ತುಂಬಿದ್ರೆ 56 ಲೀಟರ್. ಮಗನಿಗೆ ಅಂತ ತಂದಿದ್ದು, ಈಗ ನೋಡ್ಕಳೋದೆಲ್ಲ ನಾನೇ. ಗಪ್ಪಿ ಮತ್ತೆ ಮೋಲಿ ಅದಾವು. ಮೊದ್ಲು ಎರಡು ಗೋಲ್ಡ್‌ಫಿಶ್ ಇದ್ವು, ಅವು ಹೋಗಿದ್ದು ನನ್ನ ಕೈಯಿಂದಾನೇ. ಆಗ ನಂಗೆ ಗೊತ್ತಿದ್ದಿದ್ದು ಒಂದೇ ಪದ್ಧತಿ, ಮೀನು ತೆಗೆದು ಬಕೆಟ್‌ಗೆ ಹಾಕೋದು, ನೀರೆಲ್ಲ ಚೆಲ್ಲೋದು, ಕಲ್ಲು, ಫಿಲ್ಟರ್ ಸ್ಪಂಜು ಎಲ್ಲಾ ನಲ್ಲಿ ಕೆಳಗೆ ಇಟ್ಟು ತಿಕ್ಕಿ ಫಳಫಳ ಮಾಡೋದು, ಅವತ್ತೇ ಬಂದ ನಲ್ಲಿ ನೀರು ತುಂಬಿಸಿ ಮೀನು ಬಿಡೋದು. ನೀರಿಗೆ ಬ್ಲೀಚಿಂಗ್ ವಾಸನೆ ಘಮ್ ಅಂತಿತ್ತು, ಆದ್ರೂ ಹಾಕ್ದೆ. ಮೂರನೇ ದಿನಕ್ಕೆ ಎರಡೂ ತೇಲಿದ್ವು. ಮಗ ಆವತ್ತು ಊಟ ಬಿಟ್ಟು ಟ್ಯಾಂಕಿನ ಮುಂದೆ ಕುಂತಿದ್ದು ಈಗ್ಲೂ ಕಣ್ಣಾಗ ಐತೆ.

ಆಮೇಲೆ ಮೀನಿನ ಅಂಗಡಿಯವ್ರು ಕುಂದ್ರಿಸಿ ಹೇಳಿದ್ರು. ಮೀನಿನ ಗಲೀಜಿನಿಂದ ಅಮೋನಿಯಾ ಆಗ್ತೈತೆ, ಸ್ಪಂಜಿನಾಗ, ಕಲ್ಲಿನಾಗ ಇರೋ ಒಳ್ಳೆ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡ್ತಾವೆ, ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ, ನೈಟ್ರೇಟ್ ಅಷ್ಟಿಲ್ಲ. ನಾನು ಕ್ಲೋರಿನ್ ನೀರಿನಾಗ ತಿಕ್ಕಿ ಆ ಬ್ಯಾಕ್ಟೀರಿಯಾನೇ ಸಾಯಿಸಿದ್ದೆ. ಅವತ್ತಿಂದ ಟ್ಯಾಂಕ್ ಪೂರ್ತಿ ಖಾಲಿ ಮಾಡೋದು ಬಂದ್, ವಾರಕ್ಕೊಂದ್ಸಲ ಕಾಲು ಭಾಗ ನೀರು ಅಷ್ಟೇ ಬದ್ಲಿ, ನಮ್ ಟ್ಯಾಂಕಿಗೆ ಅದು ಹೆಚ್ಚುಕಮ್ಮಿ ಒಂದು ಬಕೆಟ್. ಸ್ಪಂಜು ತೊಳೆಯೋದು ಟ್ಯಾಂಕಿಂದ ತೆಗೆದ ಹಳೇ ನೀರಿನಾಗೇ.

ಲೆವೆಲ್ ಪೈಪು ಅಂದ್ರೆ ಗಾರೆ ಕೆಲ್ಸದವ್ರು ಮಟ್ಟ ನೋಡೋಕೆ ಹಿಡಿತಾರಲ್ಲ ಅದೇ. ಹಾರ್ಡ್‌ವೇರ್ ಅಂಗಡಿಯಾಗ ಎರಡು ಮೀಟರ್‌ಗೆ 40 ರೂಪಾಯಿ ಕೊಟ್ಟೆ. ನೀರು ಇಳೀತೈತೆ, ಅದ್ರಾಗ ಎರಡು ಮಾತಿಲ್ಲ. ಆದ್ರೆ ಬಾಯಿಂದ ಎಳೀಬೇಕು, ಒಂದು ಕ್ಷಣ ತಡ ಆದ್ರೆ ಟ್ಯಾಂಕಿನ ನೀರು ಬಾಯೊಳಗೆ, ಎರಡು ಸಲ ಆಯ್ತು, ಎರಡನೇ ಸಲ ವಾಂತಿನೇ ಬಂತು. ಪೈಪಿನ ಬಾಯಿ ಸಣ್ಣದು, ಕಲ್ಲಿನ ಸಂದಿ ಕೊಳೆ ಏಳಲ್ಲ, ಮೇಲಿನ ತಿಳಿ ನೀರು ಅಷ್ಟೇ ಹೋಗ್ತೈತೆ. ಗಪ್ಪಿ ಮರಿ ಒಂದು ಸುಯ್ ಅಂತ ಒಳಗೆ ಹೋಗಿ ಬಕೆಟ್‌ನಾಗ ಬಿತ್ತು, ಪುಣ್ಯಕ್ಕೆ ಬದುಕಿತ್ತು.

ಈಗ ಕರೆಂಟ್ ಕ್ಲೀನರ್ ವಿಷಯ. ತಗಂಡಿದ್ದಕ್ಕೆ ಕಾರಣ ನೀರು. ನಮ್ ಓಣಿಗೆ ನಲ್ಲಿ ನೀರು ದಿನಾ ಬರಲ್ಲ, ಬಂದ ದಿನ ತುಂಬಿ ಇಟ್ಕಂಡು ದಿನಗಟ್ಟಲೆ ನಡೆಸ್ಬೇಕು, ಅಂಥದ್ರಾಗ ಮೀನಿಗೆ ಅಂತ ವಾರಕ್ಕೊಂದು ಬಕೆಟ್ ಚೆಲ್ಲೋಕೆ ಮನಸ್ಸು ಬರ್ತಿರ್ಲಿಲ್ಲ. ಈ ಮಷೀನು ಕೊಳೆ ನೀರು ಎಳೆದು, ಕೊಳೆ ಚೀಲದಾಗ ಹಿಡ್ಕಂಡು, ನೀರನ್ನ ವಾಪಸ್ ಟ್ಯಾಂಕಿಗೇ ಬಿಡ್ತೈತೆ. ವಿಡಿಯೋ ನೋಡಿದ್ರೆ ಯಾರಿಗಾದ್ರೂ ಬೇಕು ಅನ್ನಿಸ್ತೈತೆ.

ತೊಂದ್ರೆ ಇದ್ದಿದ್ದು ಆ ವಾಪಸ್ ಬಿಡೋ ಪೈಪಿನಾಗ. ಅದನ್ನ ಟ್ಯಾಂಕಿನ ಅಂಚಿಗೆ ಸಿಕ್ಕಿಸೋಕೆ ಒಂದು ಪ್ಲಾಸ್ಟಿಕ್ ಕ್ಲಿಪ್ ಕೊಟ್ಟಿದ್ರು. ನಮ್ ಗ್ಲಾಸು 6 ಎಂಎಂ, ಕ್ಲಿಪ್ಪು ಅದಕ್ಕಿಂತ ತೆಳು ಗ್ಲಾಸಿಗೆ ಮಾಡಿದ್ದು ಅನ್ನಿಸ್ತೈತೆ, ಅರ್ಧ ಕಚ್ಚಿ ಅರ್ಧ ಬಾಯಿ ಬಿಟ್ಕಂಡು ಕುಂದ್ರುತಿತ್ತು. ಮೊದಲನೇ ವಾರ ನಮ್ಮನೆಯವ್ರು ಪೈಪು ಹಿಡ್ಕಂಡು ನಿಂತಿದ್ರು, ಅದಕ್ಕೆ ಏನೂ ಆಗ್ಲಿಲ್ಲ. ಎರಡನೇ ವಾರ ನಾನೊಬ್ಳೇ. ಪಂಪ್ ಆನ್ ಮಾಡಿದಾಗ ಪೈಪಿನೊಳಗಿನ ಗಾಳಿ ಹೋಗಿ ನೀರು ಬರೋ ಹೊತ್ತಿಗೆ ಪೈಪು ಒಂದು ಒದೆ ಒದೀತೈತೆ, ಹಾವು ತಲೆ ಎತ್ತಿದಂಗೆ. ಆ ಒದೆಗೆ ಕ್ಲಿಪ್ ಕಿತ್ಕಂಡು ಪೈಪು ಟ್ಯಾಂಕಿನ ಹಿಂದೆ ಬಿತ್ತು. ನನ್ನ ಎರಡು ಕೈನೂ ಟ್ಯಾಂಕಿನೊಳಗೆ, ಕಣ್ಣು ಕಲ್ಲಿನ ಮೇಲೆ, ಚೀಲದಾಗ ಕೊಳೆ ತುಂಬ್ತಿರೋದು ನೋಡಿ ಖುಷಿ ಬೇರೆ. ನೀರು ಕಡಿಮೆ ಆಗ್ತೈತಲ್ಲ ಅಂತ ಗೊತ್ತಾಗೋ ಹೊತ್ತಿಗೆ ಗೋಡೆಗುಂಟ ಇಳಿದ ನೀರು ಹಾಲ್ ಅರ್ಧ ಹರಡಿತ್ತು.

ಆ ಗೋಡೆ ಕೆಳಗೇ ಎಕ್ಸ್‌ಟೆನ್ಶನ್ ಬಾಕ್ಸ್ ಇಟ್ಟಿದ್ದೆ, ಫಿಲ್ಟರ್, ಲೈಟು, ಗಾಳಿ ಮೋಟ್ರು, ಈ ಪಂಪಿನ ಅಡಾಪ್ಟರ್ ನಾಲ್ಕೂ ಅದಕ್ಕೇ. ಅದ್ರೊಳಗೆ ನೀರು ಹೋಯ್ತು. ಫಟ್ ಅಂತ ಮನೆ ಕರೆಂಟೇ ಹೋಯ್ತು. ಮಗ ಬರಿಗಾಲಾಗ ಆ ನೀರಿನ ಅಂಚಿಗೆ ನಿಂತಿದ್ದ, ಇನ್ನೊಂದು ಹೆಜ್ಜೆ ಇಟ್ಟಿದ್ರೆ ಒಳಗೇ. ನಾನು ಗೋಣಿಚೀಲ ತರೋಕೆ ಓಡಿದ್ರೆ ನಮ್ಮತ್ತೆ ಒಳಗಿಂದ ಕೂಗಿದ್ರು, "ಮೊದ್ಲು ಹುಡ್ಗನ್ನ ಎತ್ಕಳವ್ವಾ, ನೀರು ಆಮೇಲೆ ಒರ್ಸಿದ್ರಾಯ್ತು." ಕೈ ನಡುಗ್ತಿತ್ತು, ಅವನ್ನ ಎತ್ತಿ ಮಂಚದ ಮೇಲೆ ನಿಲ್ಲಿಸ್ದೆ. ಕರೆಂಟ್ ಹೋಗಿದ್ದು ಇಎಲ್‌ಸಿಬಿ ಬಿದ್ದಿದ್ದಕ್ಕೆ, ಮನೆ ಕಟ್ಟುವಾಗ ನಮ್ ಮಾವ ಹಟ ಹಿಡಿದು ಹಾಕಿಸಿದ್ದು, 30 ಮಿಲಿಆಂಪ್‌ದು, ಅಷ್ಟು ಕರೆಂಟ್ ಲೀಕ್ ಆದ್ರೆ ಸಾಕು ಲೈನ್ ಕಟ್ ಮಾಡ್ತೈತೆ. ಅದಿಲ್ಲದ ಮನೆಯಾಗ ಇದೇ ಆಗಿದ್ರೆ ಅಂತ ನೆನೆಸ್ಕಂಡ್ರೆ ಇವತ್ತಿಗೂ ಎದೆ ಧಸಕ್ ಅಂತೈತೆ.

ಈಗ ಬಾಕ್ಸನ್ನ ಗೋಡೆಗೆ, ಟ್ಯಾಂಕಿಗಿಂತ ಮೇಲೆ ಹೊಡೆಸೀವಿ. ವೈರು ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗ್ಬೇಕು, ಅಂದ್ರೆ ವೈರಿನಗುಂಟ ಬಂದ ಹನಿ ಆ ಜೋತಿನಾಗೇ ಉದುರ್ತೈತೆ, ಸಾಕೆಟ್ ಮುಟ್ಟಲ್ಲ. ಕೈ ಹಾಕೋ ಮುಂಚೆ ಎಲ್ಲಾ ಪ್ಲಗ್ ಕಿತ್ತುಬಿಡ್ತೀನಿ. ಹೀಟರ್ ಇರೋರು ಕಿತ್ತು ಒಂದು 15 ನಿಮಿಷ ಬಿಡ್ರಿ, ಬಿಸಿ ಹೀಟರ್ ನೀರಿಂದ ಹೊರಗೆ ಬಂದು ಆಮೇಲೆ ತಣ್ಣೀರು ಬಿದ್ರೆ ಗ್ಲಾಸ್ ಚಿಟ್ ಅಂತ ಸೀಳ್ತೈತೆ.

ಇನ್ನೊಂದು ಮಾತು, ಆ ಮಷೀನು ನೀರು ಉಳಿಸ್ತೈತೆ ನಿಜ, ಆದ್ರೆ ನೀರಿನಾಗ ಕರಗಿದ ನೈಟ್ರೇಟ್ ಚೀಲದಾಗ ನಿಲ್ಲಲ್ಲ, ವಾಪಸ್ ಟ್ಯಾಂಕಿಗೇ. ಹಂಗಾಗಿ ನೀರು ಬದ್ಲಿ ಮಾಡೋದು ತಪ್ಪಲ್ಲ. ಯಾವುದಕ್ಕೆ ಅಂತ 1,650 ಕೊಟ್ನೋ ಅದೇ ಇಲ್ಲ.

ಕೈ ಪಂಪು: ಒಂದು ಕಡೆ ದಪ್ಪ ಕೊಳವೆ, ಮಧ್ಯೆ ಒತ್ತೋ ರಬ್ಬರ್ ಉಂಡೆ, ಆಮೇಲೆ ಪೈಪು. ನಾಲ್ಕು ಸಲ ಒತ್ತಿದ್ರೆ ನೀರು ತಾನಾಗೇ ಇಳೀತೈತೆ. ದಪ್ಪ ಕೊಳವೆನ ಕಲ್ಲಿನಾಗ ಚುಚ್ಚಿದ್ರೆ ಕಲ್ಲು ಒಳಗೇ ಬುಳುಬುಳು ಅಂತ ಎದ್ದು ಕುಣೀತಾವೆ, ಕಂದು ಕೊಳೆ ಹೊಗೆ ಥರ ಮೇಲೆ ಹೋಗಿ ಪೈಪ್ ಹಿಡೀತೈತೆ, ಕಲ್ಲು ಭಾರಕ್ಕೆ ವಾಪಸ್ ಕೆಳಗೆ. ಬಾಯಿಗೆ ಜಾಲರಿ ಐತೆ, ಮರಿ ಹೋಗಲ್ಲ. ಬಕೆಟ್ ಅಂಚಿಗೆ ಪೈಪನ್ನ ಎರಡು ಬಟ್ಟೆ ಕ್ಲಿಪ್ ಹಾಕಿ ಕಚ್ಚಿಸ್ತೀನಿ. ಒಂದ್ವೇಳೆ ಪೈಪ್ ಜಾರಿದ್ರೂ ಟ್ಯಾಂಕಿನ ನೀರಿಗಿಂತ ಮೇಲೆ ಎತ್ತಿ ಹಿಡಿದ್ರೆ ಅಲ್ಲಿಗೇ ನಿಂತು ಹೋಗ್ತೈತೆ, ಸ್ವಿಚ್ ಹುಡುಕಂಗಿಲ್ಲ. ಕೈ ನೋಯ್ತೈತೆ ಅಂತಾರೆ ಕೆಲವ್ರು, ನಂಗೆ ನೋಯ್ಲಿಲ್ಲ.

ಗ್ಲಾಸಿಗೆ ಮ್ಯಾಗ್ನೆಟ್ ಬ್ರಶ್ ಬೇಡ, ಸಂದಿಯಾಗ ಒಂದು ಮರಳು ಕಾಳು ಸಿಕ್ರೂ ಉದ್ದಕ್ಕೂ ಗೀರು. ಸೋಪು ಹತ್ತದ ಹೊಸ ಸ್ಪಂಜು ಸಾಕು.

ನಂಗೆ ಹೊಂದಿದ್ದು ಹೆಂಗಂದ್ರೆ, ಭಾನುವಾರ ಬೆಳಿಗ್ಗೆ ಆರಕ್ಕೆ, ಟಿಫಿನ್‌ಗೆ ಮುಂಚೆ ಮುಗಿಸ್ತೀನಿ. ಬೇಸಿಗೆಯಾಗ ನಮ್ ಬಳ್ಳಾರಿ ಬಿಸಿಲು 40 ದಾಟ್ತೈತೆ, ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ನೀರು ಕೈ ಸುಡ್ತೈತೆ, ಅದನ್ನ ಹಾಕಿದ್ರೆ ಮೀನು ಬೇಯ್ತಾವೆ, ಬಿಸಿ ನೀರಿನಾಗ ಆಕ್ಸಿಜನ್ನೂ ಕಡಿಮೆ. ಹಿಂದಿನ ದಿನಾನೇ ನೀರು ಹಿಡಿದು ಬಾಯಿ ತೆರೆದ ಬಕೆಟ್‌ನಾಗ ನೆರಳಿಗೆ ಇಟ್ಟಿರ್ತೀನಿ, ಕ್ಲೋರಿನ್ ಹಾರಿ ಹೋಗ್ತೈತೆ, ಟೈಮ್ ಇಲ್ದಾಗ ಆಂಟಿ ಕ್ಲೋರಿನ್ ಡ್ರಾಪ್ಸ್. ಇನ್ನು ಆ ಒಂದು ಬಕೆಟ್ ಚೆಲ್ಲೋ ಸಂಕಟ ನಮ್ಮತ್ತೆನೇ ಬಗೆಹರಿಸಿದ್ರು, ಕೊಳೆ ನೀರು ಪೂರ್ತಿ ಮಾಳಿಗೆ ಮೇಲಿನ ದಾಸವಾಳ, ಕರಿಬೇವಿನ ಕುಂಡಕ್ಕೆ, ಭಾನುವಾರ ಅವಕ್ಕೆ ಬೇರೆ ನೀರು ಹಾಕಂಗೇ ಇಲ್ಲ. ಕರಿಬೇವು ಈ ವರ್ಷ ಎರಡು ಸಲ ಚಿಗುರೈತೆ.