ಗಾಳಿ ಕಯಾಕೋ, ಗಟ್ಟಿ ಕಯಾಕೋ? ಗಂಗಾವತಿಯಿಂದ ಅಘನಾಶಿನಿಗೆ ಹೋಗೋರಿಗೆ

ಕುಮಟಾ ಹತ್ತಿರ ಸಮುದ್ರ ಸೇರುವ ಅಘನಾಶಿನಿ ಹೊಳೆಯಲ್ಲಿ ಕಯಾಕ್ (ಹುಟ್ಟು ಹಾಕಿ ಓಡಿಸುವ ಉದ್ದನೆಯ ಸಣ್ಣ ದೋಣಿ) ಓಡಿಸಿ, ಟೆಂಟ್ ಹಾಕಿ ಉಳಿಯಲು ಎಂಥದ್ದು ಒಯ್ಯಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಾಳಿ ತುಂಬುವ ಕಯಾಕಿಗೆ. ಗಟ್ಟಿ ಪ್ಲಾಸ್ಟಿಕ್ಕಿನದನ್ನು ಗೆಳೆಯನ ಹತ್ತಿರ ತಂದು ಸಾಕಷ್ಟು ಓಡಿಸಿದ್ದೇನೆ. ನೀರಿಗಿಳಿದ ಮೇಲೆ ಅದೇ ಚೆಂದ, ಎರಡು ಮಾತಿಲ್ಲ. ನೇರ ಹೋಗುತ್ತದೆ, ಎದುರುಗಾಳಿಗೆ ಜಗ್ಗುವುದಿಲ್ಲ. ಆದರೆ ನಾನಿರುವುದು ಗಂಗಾವತಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ಕಾರಿಲ್ಲ. ಅಷ್ಟುದ್ದದ ದೋಣಿಯನ್ನು ಕುಮಟಾ ತನಕ ಒಯ್ಯಲು ಗಾಡಿ ಬಾಡಿಗೆಗೇ ಇಡೀ ಟ್ರಿಪ್ಪಿನ ದುಡ್ಡು ಹೋಗುತ್ತದೆ. ಗಾಳಿ ಕಯಾಕನ್ನು ಮಡಚಿ ಹುಬ್ಬಳ್ಳಿ ಬಸ್ಸಿನ ಡಿಕ್ಕಿಗೆ ಹಾಕಿದರೆ ಮುಗಿಯಿತು.

ನಮ್ಮ ಹೊಳೆ ಬಿಟ್ಟು ಅಷ್ಟು ದೂರ ಯಾಕೆ ಅಂದರೆ, ಮುದ್ಲಾಪುರದಿಂದ ಕಂಪ್ಲಿ ತನಕ ತುಂಗಭದ್ರೆಯ 34 ಕಿ.ಮೀ. 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಟೆಂಟ್ ಹಾಕುವ ಮಾತೇ ಬೇಡ. ಮೊಸಳೆಗಳೂ ಇವೆ. ಇನ್ನು ಹರಿಗೋಲು: ಆನೆಗೊಂದಿ ಹೊಳೆ ದಾಟಲು ಅದನ್ನು ಮೀರಿಸಿದ್ದಿಲ್ಲ, ಉಬ್ಬರ-ಇಳಿತದ ನೀರಲ್ಲಿ ಒಬ್ಬರೇ ದೂರ ಹೋಗಲು ಆಗಿಬರುವುದಿಲ್ಲ.

ಗಾಳಿ ಕಯಾಕಿನ ತಲೆನೋವು ಅದರ ಗಾಳಿಯೇ. ತುಂಗಭದ್ರಾ ಡ್ಯಾಂ ಹಿನ್ನೀರಿನ ದಂಡೆಯಲ್ಲಿ ಬಿಸಿಲೇರಿದ ಮೇಲೆ ಗಟ್ಟಿಯಾಗಿ ಪಂಪ್ ಹೊಡೆದು ನೀರಿಗೆ ಬಿಡುತ್ತೇನೆ. ತಣ್ಣೀರು ತಾಗಿದ್ದೇ ಒಳಗಿನ ಗಾಳಿ ಕುಗ್ಗುತ್ತದೆ. ನಡು ಬಾಗುತ್ತದೆ, ಮೊಣಕಾಲು ಮೇಲೇಳುತ್ತವೆ, ಹುಟ್ಟು ಹಾಕಿದ ಬಲವೆಲ್ಲ ದಂಡ. ಮತ್ತೆ ಪಂಪ್ ಹೊಡೆಯಬೇಕು. ಊಟಕ್ಕೆ ದಂಡೆಗೆ ಎಳೆದು ಕರಿ ಬಂಡೆ ಮೇಲಿಟ್ಟರೆ ಉಲ್ಟಾ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಟ್ಯೂಬು ತಮಟೆ ಹಾಗೆ ಬಿಗಿಯುತ್ತದೆ. ನನ್ನದರ ಹಿಂಬದಿಯ ಹೊಲಿಗೆ ಪಕ್ಕ ಅಂಟು ಬಿಟ್ಟು ಬೆರಳಗಲದ ಬಿಳಿ ಗೆರೆ ಎದ್ದಿದೆ. ದಂಡೆಗೆ ಬಂದಾಗಲೆಲ್ಲ ಗಾಳಿ ಬಿಡು, ಇಳಿಯುವಾಗ ಮತ್ತೆ ತುಂಬು, ದಿನವಿಡೀ ಇದೇ ಕೆಲಸ.

ಸಮುದ್ರದ ಕಡೆ ಇದಕ್ಕೆ ಮರಳೂ ಸೇರುತ್ತದೆ. ವಾಲ್ವಿನ ರಬ್ಬರಿನ ಕೆಳಗೆ ಒಂದೇ ಒಂದು ಕಾಳು ಕೂತರೂ ರಾತ್ರಿಯಿಡೀ ಸುಸ್ಸ್ ಅನ್ನುತ್ತದೆ. ಬೆಳಿಗ್ಗೆ ನೋಡಿದರೆ ದೋಣಿ ಚಪ್ಪಟೆ. ಅದನ್ನು ತೊಳೆಯಲು ಸಿಹಿನೀರೇ ಬೇಕು. ಹೊತ್ತು ತಂದ ಕುಡಿಯುವ ನೀರನ್ನೇ ಸುರಿಯಬೇಕಾದಾಗ ಹೊಟ್ಟೆ ಉರಿಯುತ್ತದೆ.

ಇಷ್ಟಾದರೂ ಇದೇ ಯಾಕೆ ಬೇಕು ಅಂದರೆ, ಇಳಿಯುವ ಜಾಗ ನೋಡಿ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ, ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ) ಸಿಕ್ಕಿದೆ. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಊರಿನವರು ಬಳಚು (ತಿನ್ನುವ ಚಿಪ್ಪು ಜೀವಿ) ಹೆಕ್ಕಿ ಹೊಟ್ಟೆ ಹೊರೆಯುತ್ತಾರೆ. ಗಟ್ಟಿ ಕಯಾಕನ್ನು ಒಬ್ಬನೇ ಎತ್ತಲು ನನ್ನಿಂದ ಆಗದು, ಎಳೆಯಲೇಬೇಕು. ಎಳೆದಲ್ಲೆಲ್ಲ ಆ ಕೆಸರಿನುದ್ದಕ್ಕೂ ಗೀರು. ಕಾಂಡ್ಲಾ (ಮ್ಯಾಂಗ್ರೋವ್) ಸಸಿ ಸಿಕ್ಕರೆ ಅದೂ ಮುರಿಯುತ್ತದೆ. ಕಡಲಾಮೆಗಳು ಮೊಟ್ಟೆ ಇಡುವ ತಿಂಗಳುಗಳಲ್ಲಂತೂ ಮರಳ ಮೇಲೆ ಏನನ್ನೂ ಎಳೆಯಬಾರದು. ಗಾಳಿ ಕಯಾಕನ್ನು ಹೆಗಲ ಮೇಲೆ ಹೊತ್ತು, ಊರಿನವರನ್ನು ಕೇಳಿಕೊಂಡು ಅವರ ತೆಂಗಿನ ತೋಟದಲ್ಲಿಡುತ್ತೇನೆ. ಟೆಂಟೂ ಅಲ್ಲೇ.

ಸಾಮಾನಿಡಲು ಗಟ್ಟಿಯದರಲ್ಲಿ ಮುಚ್ಚಳದ ಗೂಡಿದೆ, ಇದರಲ್ಲಿಲ್ಲ. ನನಗೆ ಅದೇನೂ ಕೊರತೆಯಲ್ಲ. ಮನೆಯಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತೇನೆ. ಚಹಾಕ್ಕೆ ಮಾತ್ರ ಸಣ್ಣ ಗ್ಯಾಸ್ ಸ್ಟೋವ್. ಕಟ್ಟಿಗೆ ಸುಡುವುದಿಲ್ಲ, ಎಣ್ಣೆ ಪಾತ್ರೆ ತೊಳೆದು ನೀರಿಗೆ ಚೆಲ್ಲುವುದಿಲ್ಲ. ಕಸ ಚೀಲದಲ್ಲಿ ವಾಪಸ್.

ಕಾರಿನ ಮೇಲೆ ಕ್ಯಾರಿಯರ್, ಎತ್ತಲು ಜೊತೆಗೊಬ್ಬರು ಇದ್ದರೆ ಗಟ್ಟಿಯದನ್ನೇ ತಗೊಳ್ಳಿ. ಬಸ್ಸಿಗೆ ಒಬ್ಬರೇ ಹೋಗುವವರಿಗೆ ಗಾಳಿಯದೇ ಸರಿ. ಕೊಳ್ಳುವಾಗ ಒತ್ತಡ ಜಾಸ್ತಿಯಾದರೆ ತಾನೇ ಗಾಳಿ ಬಿಡುವ ವಾಲ್ವ್ ಇದೆಯಾ ಕೇಳಿ. ನನ್ನದರಲ್ಲಿಲ್ಲ. ಕಯಾಕಿನ ಪಿವಿಸಿ ಪ್ಲಾಸ್ಟಿಕ್ಕಿಗೆ ತೇಪೆ ಹಾಕುವ ಅಂಟನ್ನೂ ಆಗಲೇ ತಗೊಳ್ಳಿ. ಹಿನ್ನೀರಿನ ದಂಡೆಯಲ್ಲಿ ಬಳ್ಳಾರಿ ಜಾಲಿ ಮುಳ್ಳು, ಅಳಿವೆಯಲ್ಲಿ ಕಲ್ಲಿಗಂಟಿದ ಸಿಂಪಿ, ಎರಡೂ ತೂತು ಮಾಡುತ್ತವೆ. ಸೈಕಲ್ ಪಂಕ್ಚರ್ ಅಂಗಡಿಯ ಸಲ್ಯೂಷನ್ ಪಿವಿಸಿಗೆ ಹಿಡಿಯುವುದಿಲ್ಲ.