ಬರ್ಡ್ಸ್ ತಂಡದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’: ಯಾವ ಆವೃತ್ತಿ ಕೊಳ್ಳಬೇಕು, ಹೇಗೆ ಕೇಳಬೇಕು

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವೂ ರಾಕೂ ಬೆರೆತ ಕಂಟ್ರಿ ರಾಕ್ ಕೇಳಲು ಶುರು ಮಾಡುವವರು ಯಾರೇ ಇರಲಿ, ಇವತ್ತಲ್ಲ ನಾಳೆ ಅಮೆರಿಕದ ರಾಕ್ ತಂಡ ಬರ್ಡ್ಸ್‌ನ ಈ ಆಲ್ಬಮ್ಮಿಗೆ ಬರಲೇಬೇಕು. 1968ರ ಆಗಸ್ಟ್ 30ರಂದು ಕೊಲಂಬಿಯಾ ಕಂಪನಿ ಬಿಡುಗಡೆ ಮಾಡಿದ ಇದು ಈಗ ಹಳೇ ಎಲ್‌ಪಿ, 1997ರ ಸಿಡಿ, 2003ರ ಎರಡು ಸಿಡಿಗಳ ಲೆಗಸಿ ಎಡಿಷನ್, ಸ್ಟ್ರೀಮಿಂಗ್ ಹೀಗೆ ಹಲವು ರೂಪದಲ್ಲಿ ಸಿಗುತ್ತದೆ. ಬಹಳ ವರ್ಷ ಇವೆಲ್ಲವನ್ನೂ ಅದಲು ಬದಲು ಮಾಡಿ ಕೇಳಿದ ಮೇಲೆ ಹೇಳುತ್ತಿದ್ದೇನೆ: ಒಂದನ್ನೇ ಕೊಳ್ಳುವುದಾದರೆ 2003ರದ್ದನ್ನು ಕೊಳ್ಳಿ. ಇದಕ್ಕೆ ಧ್ವನಿಯ ಗುಣಮಟ್ಟ ಕಾರಣವಲ್ಲ. ಈ ಆಲ್ಬಮ್ಮಿನ ಮೂರು ಹಾಡುಗಳನ್ನು ಮೊದಲು ಒಬ್ಬರು ಹಾಡಿದ್ದರು, ಮಾರಾಟಕ್ಕೆ ಬಂದಾಗ ಬೇರೆಯವರ ದನಿ ಇತ್ತು. ಎರಡೂ ರೂಪಗಳು ಪೂರ್ತಿಯಾಗಿ ಅಕ್ಕಪಕ್ಕದಲ್ಲಿ ಇರುವುದು 2003ರ ಪೆಟ್ಟಿಗೆಯಲ್ಲಿ.

ಹಾಗೇಕಾಯಿತು ಎಂಬುದನ್ನು ತಿಳಿಯದೆ ಈ ಹಾಡುಗಳನ್ನು ತೂಗಿ ನೋಡಲು ಆಗುವುದಿಲ್ಲ. 1967ರ ಅಕ್ಟೋಬರಿನಲ್ಲಿ ಡೇವಿಡ್ ಕ್ರಾಸ್ಬಿಯನ್ನು ತಂಡದಿಂದ ತೆಗೆದರು, ಅದಾದ ಸ್ವಲ್ಪದರಲ್ಲೇ ಡ್ರಮ್ಮರ್ ಮೈಕೆಲ್ ಕ್ಲಾರ್ಕ್ ಕೂಡ ಹೋದರು. ಉಳಿದವರು ರೋಜರ್ ಮಕ್‌ಗ್ವಿನ್ ಮತ್ತು ಕ್ರಿಸ್ ಹಿಲ್‌ಮನ್. ಡ್ರಮ್ಸಿಗೆ ಹಿಲ್‌ಮನ್‌ರ ಸಂಬಂಧಿಕ ಕೆವಿನ್ ಕೆಲಿ ಬಂದರು. 1968ರ ಆರಂಭದಲ್ಲಿ, ಪಿಯಾನೋ ನುಡಿಸಲಿ ಎಂದು, ಜಾರ್ಜಿಯಾದಲ್ಲಿ ಬೆಳೆದ ಗ್ರಾಮ್ ಪಾರ್ಸನ್ಸ್‌ರನ್ನು ಸೇರಿಸಿಕೊಂಡರು. ಆಗ ಮಕ್‌ಗ್ವಿನ್ ತಲೆಯಲ್ಲಿದ್ದದ್ದು ಬೇರೆಯೇ ಯೋಜನೆ. ಹಳೇ ಬೆಟ್ಟಗಾಡಿನ ಹಾಡುಗಳಿಂದ ಹಿಡಿದು ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದವರೆಗೆ, ಇಪ್ಪತ್ತನೇ ಶತಮಾನದ ಅಮೆರಿಕನ್ ಸಂಗೀತದ ಇತಿಹಾಸವನ್ನೇ ಎರಡು ಎಲ್‌ಪಿಗಳಲ್ಲಿ ಹೇಳಬೇಕೆಂದಿದ್ದರು. ಪಾರ್ಸನ್ಸ್ ಮತ್ತು ಹಿಲ್‌ಮನ್ ಸೇರಿ ಆ ಯೋಜನೆಯನ್ನು ಶುದ್ಧ ಕಂಟ್ರಿಯ ಕಡೆಗೆ ತಿರುಗಿಸಿದರು. ಮಾರ್ಚಿನಲ್ಲಿ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೋಗಿ ರೆಕಾರ್ಡಿಂಗ್ ಆರಂಭಿಸಿ, ಏಪ್ರಿಲ್, ಮೇ ಹೊತ್ತಿಗೆ ಹಾಲಿವುಡ್‌ನಲ್ಲಿ ಮುಗಿಸಿದರು. ನಿರ್ಮಾಪಕ ಗ್ಯಾರಿ ಅಷರ್.

ನ್ಯಾಶ್‌ವಿಲ್ ಇವರನ್ನು ಕೈಬೀಸಿ ಕರೆಯಲಿಲ್ಲ. ಅದೇ ಮಾರ್ಚಿನಲ್ಲಿ ರೈಮನ್ ಸಭಾಂಗಣದ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮದಲ್ಲಿ ಹಾಡಿದಾಗ ಉದ್ದ ಕೂದಲಿನ ಹುಡುಗರನ್ನು ಕಂಡು ಸಭೆ ಮುಖ ಸಿಂಡರಿಸಿತು. ಎರಡನೆಯದಾಗಿಯೂ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಹಾಡೇ ಎಂದು ನಿಗದಿಯಾಗಿತ್ತು. ವೇದಿಕೆಯಲ್ಲೇ ಅದನ್ನು ಬದಲಿಸಿ ಪಾರ್ಸನ್ಸ್ ತಮ್ಮ ‘ಹಿಕರಿ ವಿಂಡ್’ ಹಾಡಿದ್ದಕ್ಕೆ ಆಯೋಜಕರೂ ಸಿಟ್ಟಾದರು. ಆಲ್ಬಮ್ ಕೂಡ ಬಿಲ್‌ಬೋರ್ಡ್ ಪಟ್ಟಿಯಲ್ಲಿ 77ನೇ ಸ್ಥಾನ ದಾಟಲಿಲ್ಲ. ರಾಕ್ ಕೇಳುವವರಿಗೆ ಇದು ಹಳ್ಳಿಯದ್ದೆನಿಸಿತು, ಕಂಟ್ರಿ ಕೇಳುವವರಿಗೆ ಇವರು ಹೊರಗಿನವರು.

ಈಗ ಆ ಮೂರು ಹಾಡುಗಳ ವಿಷಯ. ಪಾರ್ಸನ್ಸ್ ಹಿಂದೆ ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡಿನಲ್ಲಿದ್ದಾಗ ಲೀ ಹೇಜಲ್‌ವುಡ್‌ರ ಎಲ್‌ಎಚ್‌ಐ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅವರ ದನಿ ತಮಗೆ ಸೇರಿದ್ದೆಂದು ಆ ಕಂಪನಿ ತಕರಾರು ತೆಗೆಯಿತು. ಪರಿಣಾಮವಾಗಿ ‘ದಿ ಕ್ರಿಶ್ಚಿಯನ್ ಲೈಫ್’, ‘ಯು ಡೋಂಟ್ ಮಿಸ್ ಯುವರ್ ವಾಟರ್’ ಹಾಡುಗಳಲ್ಲಿ ಪಾರ್ಸನ್ಸ್ ದನಿ ತೆಗೆದು ಮಕ್‌ಗ್ವಿನ್ ಹಾಡಿದರು. ‘ಒನ್ ಹಂಡ್ರೆಡ್ ಇಯರ್ಸ್ ಫ್ರಮ್ ನೌ’ ಹಾಡನ್ನು ಮಕ್‌ಗ್ವಿನ್ ಮತ್ತು ಹಿಲ್‌ಮನ್ ಜೋಡಿಯಾಗಿ ಹಾಡಿದರು. ತಕರಾರು ಬಗೆಹರಿದ ಮೇಲೂ ದನಿ ಬದಲಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು, ಇದು ಪಾರ್ಸನ್ಸ್ ಆಲ್ಬಮ್ ಆಗಿಬಿಡುತ್ತದೆಂಬ ಚಿಂತೆ ಮಕ್‌ಗ್ವಿನ್‌ಗೆ ಇತ್ತು ಎಂದು ಅಷರ್ ಆಮೇಲೆ ಹೇಳಿದ್ದುಂಟು. ಏನೇ ಇರಲಿ, ಅಂತಿಮ ರೂಪದಲ್ಲಿ ಪಾರ್ಸನ್ಸ್ ಮುಖ್ಯ ಗಾಯಕರಾಗಿ ಉಳಿದದ್ದು ‘ಯು ಆರ್ ಸ್ಟಿಲ್ ಆನ್ ಮೈ ಮೈಂಡ್’, ‘ಹಿಕರಿ ವಿಂಡ್’, ‘ಲೈಫ್ ಇನ್ ಪ್ರಿಸನ್’ ಈ ಮೂರರಲ್ಲಿ ಮಾತ್ರ. ಆಲ್ಬಮ್ ಅಂಗಡಿಗೆ ಬರುವ ಮೊದಲೇ, ಜುಲೈಯಲ್ಲಿ, ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಒಲ್ಲೆನೆಂದು ಅವರು ತಂಡ ಬಿಟ್ಟಾಗಿತ್ತು.

ದನಿ ಬದಲಿಸಿದ್ದೇ ಅನ್ಯಾಯ, ಪಾರ್ಸನ್ಸ್ ಹಾಡಿದ್ದೆಲ್ಲ ಶ್ರೇಷ್ಠ ಎಂದು ಅಭಿಮಾನಿಗಳು ಹೇಳುವುದುಂಟು. ಎರಡನ್ನೂ ಒಂದೇ ಮಟ್ಟದ ವಾಲ್ಯೂಮಿನಲ್ಲಿಟ್ಟು ಕೇಳಿದರೆ ಮೂರೂ ಹಾಡಿಗೆ ಒಂದೇ ತೀರ್ಪು ಬರುವುದಿಲ್ಲ. ‘ದಿ ಕ್ರಿಶ್ಚಿಯನ್ ಲೈಫ್’ನಲ್ಲಿ ಮಕ್‌ಗ್ವಿನ್ ದಕ್ಷಿಣದವರ ಉಚ್ಚಾರವನ್ನು ಬಲವಂತವಾಗಿ ಎಳೆದು ತಂದಿದ್ದಾರೆ. ಲೂವಿನ್ ಸಹೋದರರ ಭಕ್ತಿಗೀತೆ ಅದು. ಹಾಡುವವರಿಗೆ ಮಾತಿನ ಮೇಲೆ ನಂಬಿಕೆಯಿದೆಯೋ ಇಲ್ಲವೋ ಎಂಬ ಅನುಮಾನ ಬಂದ ಕೂಡಲೇ ಹಾಡು ಸೋತುಹೋಗುತ್ತದೆ. ಪಾರ್ಸನ್ಸ್ ಹಾಡಿದ ರೂಪದಲ್ಲಿ ಆ ಅನುಮಾನ ಏಳುವುದೇ ಇಲ್ಲ. ‘ಒನ್ ಹಂಡ್ರೆಡ್ ಇಯರ್ಸ್’ ಇದಕ್ಕೆ ತದ್ವಿರುದ್ಧ. ಬರೆದವರು ಪಾರ್ಸನ್ಸ್ ಆದರೂ, ಮಕ್‌ಗ್ವಿನ್ ಮತ್ತು ಹಿಲ್‌ಮನ್‌ರ ಎರಡು ದನಿ ಕೂಡಿದಾಗಲೇ ಪಲ್ಲವಿ ಮೇಲೇಳುತ್ತದೆ. ಬಿಡುಗಡೆಯಾದ ರೂಪವೇ ನನಗೆ ಮೇಲು. ‘ಯು ಡೋಂಟ್ ಮಿಸ್ ಯುವರ್ ವಾಟರ್’ ಮೂಲದಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಗೆ ವಿಲಿಯಂ ಬೆಲ್ 1961ರಲ್ಲಿ ಹಾಡಿದ ಸೋಲ್ ಗೀತೆ. ಇಲ್ಲಿ ಪಾರ್ಸನ್ಸ್ ದನಿ ಬಿರುಕು ಬಿಡುವ ಜಾಗಗಳು ಹಾಡಿನ ಪಶ್ಚಾತ್ತಾಪಕ್ಕೆ ಸರಿಯಾಗಿ ಕೂಡುತ್ತವೆ, ಮಕ್‌ಗ್ವಿನ್‌ರದ್ದು ಹದವಾಗಿದ್ದರೂ ತಣ್ಣಗಿದೆ.

ಕೊಳ್ಳುವಾಗ ಎಡವುವುದು ಇಲ್ಲೇ. 1997ರ ಸಿಡಿಯಲ್ಲಿ ಮೂಲದ 11 ಹಾಡುಗಳ ಜೊತೆ ಪಾರ್ಸನ್ಸ್ ದನಿಯಿರುವ ಹಾಡುಗಳೂ ಇವೆ, ಆದರೆ ಅವು ರಿಹರ್ಸಲ್ ಟೇಕುಗಳು, ಅಂದರೆ ಅಭ್ಯಾಸದ ಹೊತ್ತಿನ ರೆಕಾರ್ಡಿಂಗ್‌ಗಳು. ‘ಯು ಡೋಂಟ್ ಮಿಸ್ ಯುವರ್ ವಾಟರ್’ ಅವುಗಳಲ್ಲಿ ಇಲ್ಲವೇ ಇಲ್ಲ. ಹೆಸರು ಒಂದೇ ಇರುವುದರಿಂದ ಎಲ್ಲವೂ ಸಿಕ್ಕಿತೆಂದು ತಿಳಿದು ಕೊಂಡವರು ಬಹಳ. ಪಾರ್ಸನ್ಸ್ ಹಾಡಿದ ಸಿದ್ಧ ರೂಪಗಳು ಬೇಕಾದರೆ 2003ರ ಮೊದಲ ಸಿಡಿಯ ಕೊನೇ ಭಾಗಕ್ಕೆ ಹೋಗಬೇಕು. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹಾಡಿನ ಹೆಸರಿನ ಮುಂದಿರುವ ಟಿಪ್ಪಣಿಯನ್ನು ಓದಿ. ಅದರಲ್ಲಿ ರಿಹರ್ಸಲ್ ಎಂದೋ ಟೇಕ್ ಸಂಖ್ಯೆಯೋ ಇದ್ದರೆ ನಿಮಗೆ ಬೇಕಾದದ್ದು ಅದಲ್ಲ.

ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲು 11 ಹಾಡುಗಳನ್ನು 1968ರಲ್ಲಿ ಬಂದ ಹಾಗೆಯೇ, ಷಫಲ್ ಹಾಕದೆ, ಪೂರ್ತಿ ಕೇಳಿ. 32 ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಒಂದು ಪ್ಲೇಲಿಸ್ಟ್ ಮಾಡಿ, ಮೂರನೇ, ನಾಲ್ಕನೇ, ಎಂಟನೇ ಸ್ಥಾನದಲ್ಲಿ ಪಾರ್ಸನ್ಸ್ ರೂಪಗಳನ್ನು ಕೂರಿಸಿ. ಈ ಪಟ್ಟಿ ಕೇಳಿದಾಗ ಒಂದು ಸಂಗತಿ ತಟ್ಟನೆ ಹೊಳೆಯುತ್ತದೆ: ಮೂರರಿಂದ ಐದನೇ ಹಾಡಿನವರೆಗೆ ಸತತವಾಗಿ ಪಾರ್ಸನ್ಸ್, ಮತ್ತೆ ಏಳು, ಎಂಟು, ಹತ್ತೂ ಅವರದೇ. ಅಂದರೆ 11ರಲ್ಲಿ ಆರು ಹೊಸಬರ ಪಾಲಿಗೆ. ಮಕ್‌ಗ್ವಿನ್‌ರ ಚಿಂತೆ ಎಂಥದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹೋಲಿಸುವವರು ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿಟ್ಟುಕೊಳ್ಳಿ. ಸಿಡಿಯಲ್ಲಾದರೆ ಕೈಯಿಂದಲೇ ಸರಿಹೊಂದಿಸಿ. ತುಸು ಜೋರಾಗಿರುವ ಹಾಡೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಬರ್ಡ್ಸ್ ಎಂದರೆ ನೆನಪಾಗುವ 12 ತಂತಿಯ ರಿಕನ್‌ಬ್ಯಾಕರ್ ಗಿಟಾರಿನ ಝಣಝಣ ಇಲ್ಲಿ ಬಹುತೇಕ ಇಲ್ಲ. ಅದರ ಜಾಗವನ್ನು ತುಂಬಿದ್ದು ಪೆಡಲ್ ಸ್ಟೀಲ್ ಗಿಟಾರ್. ನ್ಯಾಶ್‌ವಿಲ್ ರೆಕಾರ್ಡಿಂಗ್‌ಗಳಲ್ಲಿ ಲಾಯ್ಡ್ ಗ್ರೀನ್, ಹಾಲಿವುಡ್‌ನಲ್ಲಿ ಜೇಡೀ ಮೇನೆಸ್ ಅದನ್ನು ನುಡಿಸಿದರು. ಹಳೇ ಚಿತ್ರಗೀತೆಗಳಲ್ಲಿ ಹವಾಯಿಯನ್ ಗಿಟಾರ್ ಕೇಳಿದವರಿಗೆ ಜಾರುವ ನಾದ ಹೊಸದೇನಲ್ಲ. ಇದರಲ್ಲಿ ಒಂದು ವ್ಯತ್ಯಾಸವಿದೆ. ಹವಾಯಿಯನ್ ಗಿಟಾರಿನಲ್ಲಿ ಉಕ್ಕಿನ ಬಾರ್ ಜಾರಿದರೆ ಅದರ ಕೆಳಗಿನ ಎಲ್ಲ ತಂತಿಗಳ ಸ್ವರವೂ ಒಟ್ಟಿಗೇ ಸರಿಯುತ್ತದೆ. ಪೆಡಲ್ ಸ್ಟೀಲಿನಲ್ಲಿ ಬಾರ್ ಇದ್ದಲ್ಲೇ ಇರುತ್ತದೆ, ಕಾಲಿನ ಪೆಡಲ್ ಒತ್ತಿದಾಗ ಆಯ್ದ ತಂತಿ ಮಾತ್ರ ಬಿಗಿಯಾಗಿ ಸ್ವರ ಏರುತ್ತದೆ. ನ್ಯಾಶ್‌ವಿಲ್‌ನವರು ಬಳಸುವ 10 ತಂತಿಯ ಇ-9 ಶ್ರುತಿಯಲ್ಲಿ ಒಂದು ಪೆಡಲ್ ಬಿ ತಂತಿಯನ್ನು ಸಿ ಶಾರ್ಪಿಗೆ, ಅದರ ಪಕ್ಕದ್ದು ಜಿ ಶಾರ್ಪ್ ತಂತಿಯನ್ನು ಎ ಸ್ವರಕ್ಕೆ ಏರಿಸುತ್ತದೆ. ಹಾಗಾಗಿ ಒಂದು ಸ್ವರ ನಿಂತಲ್ಲೇ ನಿಂತು, ಪಕ್ಕದ್ದು ಅದರ ಕಡೆಗೆ ಬಾಗಿ ಬಂದು ಸೇರುತ್ತದೆ. ‘ಯು ಏಂಟ್ ಗೋಯಿಂಗ್ ನೋವೇರ್’ನ ಮೊದಲ ಕೆಲವು ಕ್ಷಣಗಳಲ್ಲೇ ಗ್ರೀನ್ ಇದನ್ನು ತೋರಿಸಿಬಿಡುತ್ತಾರೆ. ‘ಹಿಕರಿ ವಿಂಡ್’ನ ಮೂರು ಮಾತ್ರೆಯ ನಡೆಯಲ್ಲಿ ಸಾಲು ಮುಗಿದ ಕೂಡಲೇ ಸ್ಟೀಲ್ ಉತ್ತರ ಕೊಡುವುದನ್ನು ಗಮನಿಸಿ. ಅಲ್ಲಿ ವಾಲ್ಯೂಮ್ ಪೆಡಲ್ ಕೂಡ ಕೆಲಸ ಮಾಡುತ್ತಿರುತ್ತದೆ: ತಂತಿ ಮೀಟಿದ ಸದ್ದು ಮರೆಯಾಗಿ ನಾದ ಮಾತ್ರ ನಿಧಾನಕ್ಕೆ ಉಬ್ಬುತ್ತದೆ. ಈ ಇಬ್ಬರೂ 2018ರಲ್ಲಿ, ಆಲ್ಬಮ್ಮಿಗೆ ಐವತ್ತು ತುಂಬಿದಾಗ, ಇದೇ ಹಾಡುಗಳನ್ನು ಸ್ಟೀಲ್ ಗಿಟಾರಿನಲ್ಲಿ ಮತ್ತೆ ನುಡಿಸಿ ರೆಕಾರ್ಡ್ ತಂದರು. ಪೆಡಲ್ ಸ್ಟೀಲ್ ಕಲಿಯುವವರಿಗೆ ಅದು ಪಾಠವಿದ್ದಂತೆ.

ಬ್ಯಾಂಜೊ ಮತ್ತು ಪಿಟೀಲಿಗೆ ಜಾನ್ ಹಾರ್ಟ್‌ಫೋರ್ಡ್ ಇದ್ದಾರೆ. ‘ಪ್ರೆಟಿ ಬಾಯ್ ಫ್ಲಾಯ್ಡ್’ ಓಡುವುದೇ ಅವರ ಬ್ಯಾಂಜೊ ಮೇಲೆ.

ಎಲ್‌ಪಿ ಹುಡುಕುವವರಿಗೆ ಕೆಲವು ಮಾತು. ಅಮೆರಿಕದ ಮೂಲ ಎಲ್‌ಪಿಯ ಸಂಖ್ಯೆ ಸಿಎಸ್ 9670. ಕೆಂಪು ಲೇಬಲ್ಲಿನ ಕೆಳಗೆ ‘360 ಸೌಂಡ್’ ಎಂದಿದ್ದರೆ ಅದು ಆರಂಭದ ಕಾಲದ್ದು. ಕೆಂಪು ಲೇಬಲ್ಲಿನ ಅಂಚಿನ ಸುತ್ತ ಕೊಲಂಬಿಯಾ ಹೆಸರು ಮತ್ತೆ ಮತ್ತೆ ಬಂದಿದ್ದರೆ 1970ರ ನಂತರದ್ದು. ಅಮೆರಿಕದಲ್ಲಿ ಇದು ಸ್ಟೀರಿಯೋದಲ್ಲಿ ಮಾತ್ರ ಬಂತು, ಮೋನೋ ಬೇಕೆಂದರೆ ಬ್ರಿಟನ್ನಿನ ಪ್ರತಿ ಹುಡುಕಬೇಕು. ಮೊದಲ ಬದಿ ಹದಿನೇಳೂವರೆ ನಿಮಿಷ, ಎರಡನೆಯದು ಹದಿನಾಲ್ಕು ಚಿಲ್ಲರೆ. ಇಷ್ಟು ಚಿಕ್ಕ ಬದಿಗಳಿರುವುದರಿಂದ ಗ್ರೂವ್‌ಗಳನ್ನು ಇಕ್ಕಟ್ಟಾಗಿ ಕೊರೆಯಬೇಕಾಗಿಲ್ಲ, ಲೇಬಲ್ಲಿನ ಹತ್ತಿರದ ಹಾಡುಗಳು ಒಡಕಾಗುವುದೂ ಕಡಿಮೆ. ಹಾಗಿದ್ದೂ ಕೊನೆಯದಾದ ‘ನಥಿಂಗ್ ವಾಸ್ ಡೆಲಿವರ್ಡ್’ ಹಾಡಿನ ದನಿ ಒಡೆದು ಕೇಳಿದರೆ, ಮೊದಲು ಸೂಜಿ ಮತ್ತು ಕಾರ್ಟ್ರಿಜ್ ಜೋಡಣೆ ನೋಡಿ, ಅದು ಸರಿಯಿದ್ದರೆ ಹಿಂದಿನವರು ಸವೆದ ಸೂಜಿಯಲ್ಲಿ ನುಡಿಸಿದ್ದಾರೆಂದು ತಿಳಿಯಿರಿ. ಆ ಸವೆತಕ್ಕೆ ಮದ್ದಿಲ್ಲ, ತೊಳೆದರೂ ಹೋಗುವುದಿಲ್ಲ.

ಅಮೆರಿಕದಿಂದ ಊರಿಗೆ ಮರಳುವಾಗ ಅಲ್ಲಿನ ಹಳೇ ಟರ್ನ್‌ಟೇಬಲ್ ಹೊತ್ತು ತರುವವರು ಒಂದು ವಿಷಯ ತಿಳಿದಿರಬೇಕು. 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಯಂತ್ರ ಸುಡುವುದಿಲ್ಲ, ನಿಜ. ಆದರೆ ಟ್ರಾನ್ಸ್‌ಫಾರ್ಮರ್ ಆವರ್ತನವನ್ನು ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಎಸಿ ಸಿಂಕ್ರೋನಸ್ ಮೋಟಾರಿನ ವೇಗ ನಿರ್ಧಾರವಾಗುವುದು ಆವರ್ತನದಿಂದ. ಹಾಗಾಗಿ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ ಸುಮಾರು 27.8 ಸುತ್ತುತ್ತದೆ, ಶ್ರುತಿ ಮೂರು ಮನೆಗಿಂತ (ಸೆಮಿಟೋನ್) ತುಸು ಹೆಚ್ಚೇ ಇಳಿಯುತ್ತದೆ, ಪಾರ್ಸನ್ಸ್ ದನಿ ಭಾರವಾಗಿ ಎಳೆದಾಡುತ್ತದೆ. ಬೆಲ್ಟ್ ಡ್ರೈವ್ ಆದರೆ 50 ಹರ್ಟ್ಸ್‌ಗೆ ತಕ್ಕ, ಐದನೇ ಒಂದು ಪಾಲು ಹೆಚ್ಚು ದಪ್ಪನೆಯ ಪುಲ್ಲಿ ಹಾಕಿಸಿದರೆ ಸರಿಹೋಗುತ್ತದೆ. ಡಿಸಿ ಮೋಟಾರಿನವಕ್ಕೆ ಈ ತೊಂದರೆಯಿಲ್ಲ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕವರಿನೊಳಗಿನ ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ ಒಳಪದರ ಇರುವುದನ್ನು ಹಾಕಿ, ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿಡಿ. ಜೋ ಮೋರಾ 1933ರಲ್ಲಿ ಬರೆದ ಕೌಬಾಯ್ ಪೋಸ್ಟರಿನಿಂದ ತೆಗೆದ ಆ ಮುಖಪುಟಕ್ಕೆ ಬೂಷ್ಟು ಹಿಡಿದರೆ ನೋಡಲಾಗದು.

2003ರ ಪೆಟ್ಟಿಗೆಯಲ್ಲಿ ಕೊರತೆಯಿಲ್ಲವೆಂದಲ್ಲ. ಎರಡನೇ ಸಿಡಿ ಆರಂಭವಾಗುವುದೇ ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡಿನ ಹಾಡುಗಳಿಂದ. ಪಾರ್ಸನ್ಸ್ ಎಲ್ಲಿಂದ ಬಂದರೆಂದು ತಿಳಿಯಲು ಅವು ಬೇಕು, ಆದರೆ ಅವು ಬರ್ಡ್ಸ್ ಅಲ್ಲ. ಆಮೇಲೆ ಒಂದೇ ಹಾಡಿನ ರಿಹರ್ಸಲ್ ಟೇಕುಗಳು ಸಾಲುಗಟ್ಟಿ ಬರುತ್ತವೆ. ‘ಲೈಫ್ ಇನ್ ಪ್ರಿಸನ್’ ಮತ್ತೆ ಮತ್ತೆ ಶುರುವಾಗುವುದನ್ನು ಮನರಂಜನೆಗೆಂದು ಕೇಳಲು ಸಾಧ್ಯವಿಲ್ಲ. ಅಲ್ಲಿ ಬಿಡಬಾರದ್ದು ‘ಹಿಕರಿ ವಿಂಡ್’ನ ಇನ್ನೊಂದು ಟೇಕ್. ಮೊದಲ ಸಿಡಿಯ ಕೊನೇ ಭಾಗದಲ್ಲಿರುವ ‘ಲೇಜಿ ಡೇಸ್’ ಕೇಳಿದರೆ ಅದನ್ನೇಕೆ ಆಲ್ಬಮ್ಮಿನಿಂದ ಹೊರಗಿಟ್ಟರೆಂಬುದು ಅರ್ಥವಾಗುತ್ತದೆ. ಚಕ್ ಬೆರಿ ಧಾಟಿಯ ರಾಕ್ ಅಂಡ್ ರೋಲ್ ಅದು, ಈ ಹಾಡುಗಳ ನಡುವೆ ಕೂರುವುದಿಲ್ಲ. ಪಾರ್ಸನ್ಸ್ ಮತ್ತು ಹಿಲ್‌ಮನ್ ಅದನ್ನು 1970ರಲ್ಲಿ ತಾವು ಕಟ್ಟಿದ ಫ್ಲೈಯಿಂಗ್ ಬರಿಟೋ ಬ್ರದರ್ಸ್ ತಂಡದ ಎರಡನೇ ಆಲ್ಬಮ್ಮಿನಲ್ಲಿ ಮತ್ತೆ ಬಳಸಿಕೊಂಡರು.

ಇದು ಹಿಡಿಸಿದರೆ ಮುಂದಿನದು ಬರಿಟೋ ಬ್ರದರ್ಸ್ ತಂಡದ 1969ರ ‘ದಿ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್’. ಅಲ್ಲಿ ಸ್ನೀಕಿ ಪೀಟ್ ಕ್ಲೈನೋ ಪೆಡಲ್ ಸ್ಟೀಲಿಗೆ ಫಜ್ (ನಾದವನ್ನು ಒರಟಾಗಿಸುವ ಸಾಧನ) ಹಾಕಿ ಎಲೆಕ್ಟ್ರಿಕ್ ಗಿಟಾರಿನಂತೆ ಗರ್ಜಿಸುವ ಹಾಗೆ ಮಾಡಿದ್ದಾರೆ. ಪಾರ್ಸನ್ಸ್ ಇಲ್ಲದ ಬರ್ಡ್ಸ್ ಹೇಗಿತ್ತೆಂದು ನೋಡಬೇಕಾದರೆ 1970ರ ‘ಅನ್‌ಟೈಟಲ್ಡ್’ ಕೊಳ್ಳಿ. ‘ಸ್ವೀಟ್‌ಹಾರ್ಟ್’ನಲ್ಲಿ ಅತಿಥಿಯಾಗಿ ನುಡಿಸಿದ್ದ ಕ್ಲಾರೆನ್ಸ್ ವೈಟ್ ಅಷ್ಟರಲ್ಲಿ ತಂಡದವರೇ ಆಗಿದ್ದರು. ಭುಜದ ಪಟ್ಟಿ ಸಿಕ್ಕಿಸುವ ಗುಂಡಿಗೆ ಸನ್ನೆಕೋಲು ಜೋಡಿಸಿ, ಗಿಟಾರಿನ ಕತ್ತನ್ನು ಕೆಳಗೆ ಒತ್ತಿದರೆ ಬಿ ತಂತಿ ಪೂರ್ತಿ ಒಂದು ಸ್ವರ ಏರುವಂತೆ ಅವರೂ ಡ್ರಮ್ಮರ್ ಜೀನ್ ಪಾರ್ಸನ್ಸ್ ಅವರೂ ಸೇರಿ ಮಾಡಿದ್ದರು. ಜೀನ್‌ಗೂ ಗ್ರಾಮ್‌ಗೂ ಸಂಬಂಧವಿಲ್ಲ, ಹೆಸರೊಂದೇ. ಸ್ಟೀಲಿನ ಆ ಬಾಗುವ ಸ್ವರ ಮಾಮೂಲಿ ಟೆಲಿಕ್ಯಾಸ್ಟರ್ ಗಿಟಾರಿನಿಂದ ಬರುವುದನ್ನು ಆ ಎಲ್‌ಪಿಯ ಲೈವ್ ಡಿಸ್ಕಿನಲ್ಲಿ ಕೇಳಬಹುದು.