ದೇವಿಕೆರೆ ಪಕ್ಕದ ಟ್ರಾವೆಲ್ ಆಫೀಸು: ನೇಪಾಳಕ್ಕೆ ಬೇಡ, ಭೂತಾನಕ್ಕೆ ಬೇಕು

ನಿವೃತ್ತಿಯಾದ ಮೇಲೆ ಸ್ವಂತ ಕಾರಿನಲ್ಲೇ ನೇಪಾಳ, ಭೂತಾನ ನೋಡಬೇಕೆಂಬುದು ನಮ್ಮ ಮನೆಯವರ ಹಟ. ಕಾಗದಪತ್ರದ ಕೆಲಸ ಮಾತ್ರ ನನ್ನ ಪಾಲಿಗೆ. ದೊಡ್ಡ ಊರಿನ ಒಂದು ಏಜೆನ್ಸಿಗೆ ಫೋನ್ ಮಾಡಿದರೆ ತಲೆಗಿಷ್ಟು ಅಂತ ‘ನೇಪಾಳ ವೀಸಾ ಚಾರ್ಜ್’ ಹೇಳಿದರು, ಮೇಲೆ ಇಂಟರ್‌ನ್ಯಾಷನಲ್ ಲೈಸೆನ್ಸ್ ಬೇರೆ ಮಾಡಿಸಬೇಕಂತೆ. ಅನುಮಾನ ಬಂದು ಶಿರಸಿಯಲ್ಲೇ, ದೇವಿಕೆರೆ ಪಕ್ಕದ ಮಾಳಿಗೆ ಮೇಲಿನ ಸಣ್ಣ ಟ್ರಾವೆಲ್ ಆಫೀಸಿಗೆ ಹೋದೆ. ಹೊರಗೆ ಬೋರ್ಡಿನಲ್ಲಿ ಝೆರಾಕ್ಸ್, ಲ್ಯಾಮಿನೇಷನ್ ಅಂತಷ್ಟೇ ಇದೆ.

ಹುಡುಗ ನಕ್ಕ. "ಅಕ್ಕೋರೆ, ನಮಗೆ ನೇಪಾಳಕ್ಕೆ ವೀಸಾನೇ ಇಲ್ಲ. ಯಾರಿಗೂ ದುಡ್ಡು ಕೊಡಬೇಡಿ." 1950ರ ಒಪ್ಪಂದದಿಂದ ಬಂದ ಸೌಲಭ್ಯ ಅದು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಆಧಾರ್ ನಡೆಯುವುದು 15 ತುಂಬದ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಮ್ಮ ಲೈಸೆನ್ಸೇ ಎರಡೂ ದೇಶಗಳಲ್ಲಿ ನಡೆಯುತ್ತದೆ. ಕಾರಿಗೆ ಗಡಿಯಲ್ಲೇ ‘ಭನ್ಸಾರ್’ ಅಂತ ಕಸ್ಟಮ್ಸ್ ಚೀಟಿ ಮಾಡಿಸಬೇಕು, ದಿನದ ಲೆಕ್ಕದಲ್ಲಿ ದುಡ್ಡು. ಒಂದು ದಿನ ಹೆಚ್ಚಿಗೇ ಬರೆಸಿ, ಅವಧಿ ಮೀರಿದರೆ ದಂಡ ಬೀಳುತ್ತದೆ ಎಂದ. ಇಷ್ಟು ಹೇಳಿದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಅವನ ನಿಜವಾದ ಕೆಲಸ ಭೂತಾನದ್ದು. ಅಲ್ಲಿಗೂ ನಮಗೆ ವೀಸಾ ಇಲ್ಲ, ಆದರೆ ಪ್ರವೇಶ ಪರ್ಮಿಟ್ ಬೇಕೇ ಬೇಕು. ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕವಿದೆ, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಅರ್ಜಿ ತುಂಬುವ ಮೊದಲು ನಮ್ಮೆಲ್ಲರ ಕಾರ್ಡು ಹರಡಿಕೊಂಡು ಕೂತ. ಮನೆಯವರ ವೋಟರ್ ಐಡಿಯಲ್ಲಿ ‘ಹೆಗಡೆ’, ಲೈಸೆನ್ಸಿನಲ್ಲಿ ‘ಹೆಗ್ಡೆ’. ಕಾಪಿ ತಿದ್ದಿ ತಿದ್ದಿ ಸವೆದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ ಅದು! ಅವರ ಪಾಸ್‌ಪೋರ್ಟನ್ನೇ ಎಲ್ಲ ಕಡೆ ಕೊಡುವುದೆಂದು ಅಲ್ಲೇ ತೀರ್ಮಾನವಾಯಿತು. ಕಾರು ಮಗನ ಹೆಸರಿನಲ್ಲಿ, ಅವನು ಬರುವವನಲ್ಲ. ಹಾಗಾಗಿ ಅವನಿಂದ ಒಪ್ಪಿಗೆ ಪತ್ರ ಬರೆಸಿ, ನೋಟರಿ ಮಾಡಿಸಿ ಆರ್‌ಸಿ ಜೊತೆ ಪಿನ್ ಹೊಡೆದುಕೊಟ್ಟ.

ಇನ್ನೂ ಮೆಚ್ಚುವ ಮಾತೊಂದಿದೆ. ಹೊರಗಿನ ಗಾಡಿ ಭೂತಾನದ ಗಡಿ ಪಟ್ಟಣ ಫುಂಟ್‌ಶೋಲಿಂಗ್ ದಾಟಿ ಒಳಗೆ ಹೋದರೆ ದಿನಕ್ಕೆ 4,500 ರೂಪಾಯಿ. ಗಾಡಿ ಪರ್ಮಿಟ್ ಮಾಡಿಸಿದ್ದರೆ ಅವನಿಗೂ ಕಮಿಷನ್ ಸಿಗುತ್ತಿತ್ತೇನೋ. ಆದರೂ "ಕಾರು ಗಡಿಯ ಈಚೆ, ನಮ್ಮ ಜೈಗಾಂವ್‌ನಲ್ಲೇ ಬಿಟ್ಟು ಭೂತಾನದ ಟ್ಯಾಕ್ಸಿ ಹಿಡೀರಿ" ಅಂದ. ಹಾಗೇ ಮಾಡಿದೆವು. ಥಿಂಪು, ಪಾರೋ ಎರಡನ್ನೂ ಸ್ಥಳೀಯ ಡ್ರೈವರ್ ಜೊತೆ ನೋಡಿದ್ದೇ ಚಲೋ ಆಯಿತು. ಹಟ ಹಿಡಿದವರು ಮಾತ್ರ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡಿದ್ದರು, ಅದಕ್ಕೆ ಆಫೀಸು ಹೊಣೆಯಲ್ಲ.

ಕೊರತೆಯೂ ಇದೆ. ನಮ್ಮ ಕಾರಿನ ವಿಮೆ ಭಾರತದೊಳಗಿನ ಲೆಕ್ಕದ್ದು. ನೇಪಾಳ, ಭೂತಾನಕ್ಕೆ ವಿಸ್ತರಿಸಲು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಬೇಕು. ಇದನ್ನು ಅವನು ಹೇಳಿದ್ದು ಹೊರಡುವ ಹಿಂದಿನ ದಿನ, ಸಂಜೆ. ವಿಮೆ ಆಫೀಸಿಗೆ ಓಡಿದೆವು. ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಡಬೇಕಾದ ವಿಷಯ. ಸರ್ವಿಸ್ ಚಾರ್ಜಿಗೆ ರಸೀದಿಯನ್ನೂ ಕೇಳಿಯೇ ಪಡೆಯಬೇಕು.

ಮನೆಯವರ ತಲೆಯಲ್ಲೀಗ ಲಂಡನ್ ಕೂತಿದೆ. ಕೇಳಿದ್ದಕ್ಕೆ, ಅದಕ್ಕೆ ಗಾಡಿಗೆ ಕಾರ್ನೆ (ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯುವ ಕಸ್ಟಮ್ಸ್ ಪತ್ರ) ಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು, ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ, ನಮ್ಮ ಕೈಲಾಗುವುದಲ್ಲ ಎಂದು ಕೈಮುಗಿದ.

ಬರೀ ನೇಪಾಳಕ್ಕಾದರೆ ಇಲ್ಲಿ ದುಡ್ಡು ಕೊಡುವ ಕೆಲಸವಿಲ್ಲ. ಭೂತಾನಕ್ಕೆ ಹೋಗುವವರು, ಅದರಲ್ಲೂ ವಯಸ್ಸಾದವರು, ಖಂಡಿತ ಹೋಗಿ. ಐದಕ್ಕೆ ನಾಲ್ಕು ಅಂಕ. ಫೋನ್ ಎತ್ತುವುದಿಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ನೇರ ಹೋಗಿ, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ನಾಲ್ಕರವರೆಗೆ ತೆರೆಯುವುದಿಲ್ಲ.